ಒಂದು ವಾಲ್ವಿಗೆ ಜೋಡಿ ಹುಡುಕಿದ್ದು

ನಾವು ಮೂವರು. ಒಬ್ಬ ಗೋಕಾಕದವ, ಒಬ್ಬ ಮೂಡಲಗಿಯವ, ಒಬ್ಬಳು ಹುಕ್ಕೇರಿಯವಳು. ಮೂರೂ ಬೆಳಗಾವಿ ಜಿಲ್ಲೆಯ ಊರುಗಳೇ. ಆದರೂ ನಮ್ಮ ಪರಿಚಯ ಆದದ್ದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ, ಒಂದೇ ಬ್ಯಾಚಿಗೆ ಬಿದ್ದಿದ್ದರಿಂದ. ಈ ಲೇಖನ ಮೂವರೂ ಸೇರಿ ಬರೆದದ್ದು. ಹಾಗಾಗಿ ಇದರಲ್ಲಿ ಬರುವ ತಪ್ಪು ಯಾರದ್ದು ಅಂತ ಹೇಳುವುದಿಲ್ಲ. ಮೂವರದ್ದೂ.

ಶುರುವಾದದ್ದು ಮೂಡಲಗಿಯ ಮನೆಯ ಅಟ್ಟದಿಂದ. ದೀಪಾವಳಿ ರಜೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಗೋಣಿಚೀಲ ಸುತ್ತಿದ ಒಂದು ಕಬ್ಬಿಣದ ಪೆಟ್ಟಿಗೆ ಸಿಕ್ತು. ಅಜ್ಜನ ಮೈಕ್ ಸೆಟ್ಟಿನ ಆಂಪ್ಲಿಫೈಯರ್. ಅಜ್ಜ ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳಿಗೆಲ್ಲ ಮೈಕ್ ಬಾಡಿಗೆ ಕೊಡುತ್ತಿದ್ದರು. ಮದುವೆ, ಜಾತ್ರೆ, ಎಲ್ಲಕ್ಕಿಂತ ಹೆಚ್ಚಾಗಿ ಶ್ರೀಕೃಷ್ಣ ಪಾರಿಜಾತ. ಪಾರಿಜಾತ ನಮ್ಮ ಸೀಮೆಯದ್ದೇ ಆಟ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಅನ್ನುವ ಹೆಸರುಗಳನ್ನು ಇಲ್ಲಿ ಈಗಲೂ ಮನೆಯವರ ಹೆಸರಿನಂತೆ ಹೇಳುತ್ತಾರೆ. ಆಟ ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿನ ಜಾವಕ್ಕೆ. ಅಷ್ಟು ಹೊತ್ತೂ ಈ ಪೆಟ್ಟಿಗೆ ಉರಿಯಬೇಕು. ಹಾರ್ನ್ ಸ್ಪೀಕರ್ ಇದ್ದರೆ ಹತ್ತು ವಾಟ್ ಒಂದು ಊರಿಗೆ ಸಾಕು ಅಂತ ಅಜ್ಜ ಹೇಳಿದರು.

ಪೆಟ್ಟಿಗೆಯ ಜೊತೆ ಧೋತರದ ತುಂಡಿನಲ್ಲಿ ಸುತ್ತಿದ ಎರಡು ವಾಲ್ವ್ ಇದ್ದವು. ಗಾಜಿನ ಮೇಲೆ ಬಿಇಎಲ್ ಅಂತ ಅಚ್ಚು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್ ಮಾಡಲು ಶುರು ಮಾಡಿತ್ತು. ಅಜ್ಜ ಅವನ್ನು ಕೈಗೆ ಕೊಡುವಾಗ ಒಂದೇ ಮಾತು ಹೇಳಿದರು: "ಇವು ಜೋಡಿ ಅದಾವ. ಕಡೀ ಜೋಡಿ. ಬ್ಯಾರೆ ಇಲ್ಲ ನೋಡ್ರಿ."

ನಮ್ಮ ಸಿಲೆಬಸ್ಸಿನಲ್ಲಿ ವಾಲ್ವ್ ಇಲ್ಲ. ನಮಗೆ ಎಲೆಕ್ಟ್ರಾನಿಕ್ಸ್ ಶುರುವಾಗುವುದೇ ಪಿಎನ್ ಜಂಕ್ಷನ್ನಿನಿಂದ. ಹಾಗಾಗಿ ಡೇಟಾಶೀಟ್ ಹಿಡಿದು ಕೂತೆವು. ವಾಲ್ವಿನ ಹೆಸರು ಇಎಲ್ 84. ಯುರೋಪಿನ ಕ್ರಮದಲ್ಲಿ ಹೆಸರೇ ಅರ್ಧ ಡೇಟಾಶೀಟ್: 'ಇ' ಅಂದರೆ ಹೀಟರಿಗೆ 6.3 ವೋಲ್ಟ್, 'ಎಲ್' ಅಂದರೆ ಪವರ್ ಪೆಂಟೋಡ್, 8 ಅಂದರೆ ಒಂಬತ್ತು ಪಿನ್ನಿನ ಸಣ್ಣ ಬೇಸು. ಆನೋಡಿಗೆ 250 ವೋಲ್ಟ್ ಕೊಟ್ಟು, ಗ್ರಿಡ್ಡನ್ನು ಮೈನಸ್ 7.3 ವೋಲ್ಟಿನಲ್ಲಿ ಇಟ್ಟರೆ ಆನೋಡಿನಲ್ಲಿ 48 ಮಿಲಿ ಆಂಪಿಯರ್ ಹರಿಯಬೇಕು. ಗುಣಿಸಿ ನೋಡಿ, 12 ವಾಟ್. ಆನೋಡ್ ತಡೆಯುವ ಮಿತಿಯೂ 12 ವಾಟೇ. ಅಂದರೆ ಅಂಚಿನಲ್ಲೇ ದುಡಿಯುವ ಜೀವ.

ಇಷ್ಟು ಓದಿದ ಮೇಲೆ ನಮಗೆ ಎಲ್ಲ ಗೊತ್ತಾಯ್ತು ಅನ್ನಿಸಿತು. ಅಜ್ಜ ಮಲಗಿದ ಮೇಲೆ, ರಾತ್ರಿ ಹತ್ತರ ಸುಮಾರಿಗೆ, ಎರಡೂ ವಾಲ್ವ್ ಹಾಕಿ ಸ್ವಿಚ್ ಒತ್ತಿದೆವು.

ಅರ್ಧ ನಿಮಿಷ ಚೆಂದ ಇತ್ತು. ಹೀಟರ್ ಕಿತ್ತಳೆ ಬಣ್ಣಕ್ಕೆ ಬಂತು, ಸ್ಪೀಕರ್ ಗುಂಯ್ ಅಂತು. ಫೋಟೋ ತೆಗೆದೆವು. ಆಮೇಲೆ ಬಲಗಡೆಯ ವಾಲ್ವಿನ ಆನೋಡ್ ಮೇಲೆ ಕುಂಕುಮದಷ್ಟು ಕೆಂಪು ಕಾಣಿಸಿತು. ನೋಡನೋಡುತ್ತ ಇಡೀ ತಗಡು ಕೆಂಡವಾಯ್ತು. ನಮ್ಮಲ್ಲಿ ಒಬ್ಬರು "ಹಿಂಗೇ ಇರತೈತೇನೋ?" ಅಂದರು. ಪ್ಲಗ್ ಕೀಳುವ ಹೊತ್ತಿಗೆ ರೂಮಿನ ತುಂಬ ಸುಟ್ಟ ರೆಸಿಸ್ಟರಿನ ವಾಸನೆ.

ಕಾರಣ ಮರುದಿನ ಗೊತ್ತಾಯ್ತು. ಹಿಂದಿನ ಸ್ಟೇಜಿನಿಂದ ಸಿಗ್ನಲ್ ತರುವ ಹಳೆಯ ಪೇಪರ್ ಕೆಪಾಸಿಟರ್ ಒಳಗಿಂದ ಸೋರುತ್ತಿತ್ತು. ಮೈನಸ್ ಇರಬೇಕಾದ ಗ್ರಿಡ್ಡಿಗೆ ಪ್ಲಸ್ ವೋಲ್ಟೇಜ್ ಹೋಗಿತ್ತು. ಆ ವಾಲ್ವ್ ಲಗಾಮು ಕಿತ್ತ ಎತ್ತಿನಂತೆ ಕರೆಂಟು ಎಳೆಯಿತು. ಎರಡೂ ವಾಲ್ವಿಗೆ ಕ್ಯಾಥೋಡ್ ರೆಸಿಸ್ಟರ್ ಒಂದೇ, 130 ಓಮಿನದ್ದು. ಬಲಗಡೆಯದು ಹೆಚ್ಚು ಎಳೆದಷ್ಟೂ ಆ ರೆಸಿಸ್ಟರಿನ ಮೇಲಿನ ವೋಲ್ಟೇಜ್ ಏರಿ ಎಡಗಡೆಯದರ ಕರೆಂಟು ಇಳಿಯಿತು. ಒಂದು ಸತ್ತು ಇನ್ನೊಂದು ಉಳಿದದ್ದು ಅದಕ್ಕೇ.

ಹಳೆಯ ಸೆಟ್ಟಿಗೆ ಮೊದಲ ಸಲ ಕರೆಂಟು ಕೊಡುವಾಗ 60 ವಾಟಿನ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಬೇಕು, ಒಳಗೆ ದೋಷ ಇದ್ದರೆ ಬಲ್ಬ್ ಜೋರಾಗಿ ಉರಿದು ಹೇಳುತ್ತದೆ, ವಾಲ್ವ್ ಹಾಕುವ ಮೊದಲೇ ಗ್ರಿಡ್ ಪಿನ್ನಿನ ವೋಲ್ಟೇಜ್ ಅಳೆಯಬೇಕು. ಇವೆಲ್ಲ ನಾವು ಆಮೇಲೆ ಓದಿದ್ದು.

ಸತ್ತ ವಾಲ್ವನ್ನು ಒರೆಸಿ, ಅದೇ ಧೋತರದ ತುಂಡಿನಲ್ಲಿ ಸುತ್ತಿ, ಅದು ಇದ್ದ ಜಾಗದಲ್ಲೇ ಇಟ್ಟೆವು. ಅಜ್ಜನಿಗೆ ಹೇಳಲಿಲ್ಲ.

ಹೊಸ ಇಎಲ್ 84 ತರಿಸಿದರೆ ಮುಗೀತಲ್ಲ ಅನ್ನಬಹುದು. ಮೊದಲನೆಯದಾಗಿ ನಮ್ಮ ಹತ್ತಿರ ದುಡ್ಡಿರಲಿಲ್ಲ. ಎರಡನೆಯದಾಗಿ, ಹೊಸದೊಂದು ಹಳೆಯದೊಂದು ಹಾಕಿದರೆ ಅದು ಜೋಡಿ ಆಗುವುದಿಲ್ಲ. ಈ ಆಂಪ್ಲಿಫೈಯರ್ ಪುಶ್-ಪುಲ್. ಒಂದು ವಾಲ್ವ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಒಂದು ತುದಿ ಎಳೆದರೆ ಇನ್ನೊಂದು ವಾಲ್ವ್ ಇನ್ನೊಂದು ತುದಿ ಎಳೆಯುತ್ತದೆ. ಇಬ್ಬರ ಡಿಸಿ ಕರೆಂಟೂ ಸಮ ಇದ್ದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ಎರಡೂ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತವೆ. ಪವರ್ ಸಪ್ಲೈಯ ಗುಂಯ್ ಸದ್ದೂ ಹಾಗೇ ಅಳಿಯುತ್ತದೆ. ಸಮ ಇಲ್ಲದಿದ್ದರೆ ಕಬ್ಬಿಣ ಒಂದೇ ಕಡೆ ಕಾಂತವಾಗಿ ಬೇಗ ಸ್ಯಾಚುರೇಟ್ ಆಗುತ್ತದೆ. ಮೊದಲು ಕೆಡುವುದು ಬಾಸ್. ಕಬ್ಬಿನ ಗಾಡಿಗೆ ಒಂದು ದೊಡ್ಡೆತ್ತು, ಒಂದು ಕರು ಹೂಡಿದ ಹಾಗೆ. ಗಾಡಿ ಹೋಗುತ್ತದೆ, ಆದರೆ ದಾರಿ ಬಿಟ್ಟು ಹೋಗುತ್ತದೆ.

ಹಾಗಾಗಿ ಉಳಿದ ವಾಲ್ವಿನಷ್ಟೇ ಸವೆದ ಇನ್ನೊಂದು ಬೇಕು. ಅದಕ್ಕೆ ಮೊದಲು ಅಳೆಯುವ ಸಾಧನ ಬೇಕು.

ಒಂದು ಕೆಟ್ಟ ರೇಡಿಯೊದ ಟ್ರಾನ್ಸ್‌ಫಾರ್ಮರ್, ಒಂಬತ್ತು ಪಿನ್ನಿನ ಸಾಕೆಟ್, ಗ್ರಿಡ್ ಬಯಾಸಿಗೆ 9 ವೋಲ್ಟ್ ಬ್ಯಾಟರಿ ಮತ್ತು ಪೊಟೆನ್ಶಿಯೋಮೀಟರ್, ಕ್ಯಾಥೋಡಿನಲ್ಲಿ 10 ಓಮಿನ ರೆಸಿಸ್ಟರ್. ಮೀಟರಿನಲ್ಲಿ 10 ಮಿಲಿ ವೋಲ್ಟ್ ಬಂದರೆ 1 ಮಿಲಿ ಆಂಪಿಯರ್. ಕ್ಯಾಥೋಡಿನಲ್ಲಿ ಸ್ಕ್ರೀನ್ ಗ್ರಿಡ್ಡಿನ 5.5 ಮಿಲಿ ಆಂಪಿಯರ್ ಕೂಡ ಸೇರುವುದರಿಂದ ಹೊಸ ವಾಲ್ವ್ 53.5 ತೋರಿಸಬೇಕು. ನಮ್ಮಲ್ಲಿ ಉಳಿದದ್ದು 47 ತೋರಿಸಿತು. ಗ್ರಿಡ್ ವೋಲ್ಟೇಜನ್ನು ಅರ್ಧ ವೋಲ್ಟ್ ಸರಿಸಿ ಎಷ್ಟು ಕರೆಂಟು ಬದಲಾಯಿತು ಅಂತ ನೋಡಿದೆವು: ವೋಲ್ಟಿಗೆ 11 ಮಿಲಿ ಆಂಪಿಯರ್. ವಯಸ್ಸಾಗಿದ್ದರೂ ಗಟ್ಟಿ.

ಖುಷಿ ಸಂಜೆಯ ತನಕ. ಸಂಜೆ ಅದೇ ವಾಲ್ವ್ 41 ತೋರಿಸಿತು! ವಾಲ್ವ್ ಸಾಯುತ್ತಿದೆ ಅಂದುಕೊಂಡೆವು. ಆಮೇಲೆ ನೋಡಿದರೆ, ಹೊಲದಲ್ಲಿ ಪಂಪ್‌ಸೆಟ್ ಶುರುವಾಗಿ ಮನೆಯ ವೋಲ್ಟೇಜೇ ಇಳಿದಿತ್ತು, ಹೀಟರಿಗೆ 6.3ರ ಬದಲು 5.7 ಹೋಗುತ್ತಿತ್ತು. ನಾವು ಅಳೆಯುತ್ತಿದ್ದದ್ದು ವಾಲ್ವನ್ನಲ್ಲ, ಊರಿನ ಕಬ್ಬನ್ನು. ಆವತ್ತಿನಿಂದ ಹೀಟರಿಗೂ ಆನೋಡಿಗೂ ರೆಗ್ಯುಲೇಟ್ ಮಾಡಿದ ಸಪ್ಲೈ ಹಾಕಿದೆವು, ಹದಿನೈದು ನಿಮಿಷ ಕಾಯಿಸದೆ ಯಾವ ಅಂಕಿಯನ್ನೂ ಬರೆಯಲಿಲ್ಲ. ಇನ್ನೊಂದು ನಿಯಮ: 250 ವೋಲ್ಟ್ ಇರುವಾಗ ಒಂದು ಕೈ ಕಿಸೆಯಲ್ಲೇ ಇರಬೇಕು, ಆಫ್ ಮಾಡಿದ ಮೇಲೂ ಕೆಪಾಸಿಟರ್ ಖಾಲಿ ಮಾಡದೆ ಮುಟ್ಟಬಾರದು.

ಮುಂದಿನ ಊರು ಗೋಕಾಕ. ಗೋಕಾಕದವನಿಗೆ ಒಂದು ಜಂಬ ಇದೆ, ಅವರ ಜಲಪಾತದ ನೀರಿನಿಂದ 1887ರಲ್ಲೇ ಕರೆಂಟು ಮಾಡಿದ್ದರು ಅಂತ. ಜಂಬ ನ್ಯಾಯವಾದದ್ದೇ. ಫ್ಲೆಮಿಂಗ್ ಮೊದಲ ವಾಲ್ವ್ ಮಾಡಿದ್ದು 1904ರಲ್ಲಿ. ಅಲ್ಲಿಯ ಒಬ್ಬ ಹಳೆಯ ರೇಡಿಯೊ ಮೆಕ್ಯಾನಿಕ್ ಕಾಕಾ ಕರದಂಟಿನ ಖಾಲಿ ಡಬ್ಬಿಯಲ್ಲಿ ಒಂಬತ್ತು ಇಎಲ್ 84 ಇಟ್ಟಿದ್ದರು. "ಎಲ್ಲಾ ಒಳ್ಳೇವ ಅದಾವ, ಅಳೀರಿ ಬೇಕಾದ್ರ" ಅಂದರು.

ಎರಡನ್ನು ಅಳೆಯುವ ಮೊದಲೇ ಬದಿಗಿಟ್ಟೆವು. ವಾಲ್ವಿನ ನೆತ್ತಿಯ ಒಳಗೆ ಬೆಳ್ಳಿಯಂತೆ ಹೊಳೆಯುವ ಲೇಪ ಇರುತ್ತದೆ, ಗೆಟರ್ ಅಂತ, ಉಳಿದ ಗಾಳಿಯನ್ನು ಹೀರುವುದಕ್ಕೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಅಂತಲೇ ಅರ್ಥ. ಒಂದರ ಹೀಟರ್ ಕಟ್ಟಾಗಿತ್ತು. ಒಂದರಲ್ಲಿ ಹೀಟರಿನಿಂದ ಕ್ಯಾಥೋಡಿಗೆ ಸೋರಿಕೆ. ಉಳಿದ ಐದರ ಅಂಕಿ 21, 29, 38, 44, 62.

62 ಬಂದದ್ದು ಪೆಟ್ಟಿಗೆಯನ್ನೇ ಒಡೆಯದ ಹೊಸ ವಾಲ್ವು. ಆದರೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆ ಬಾರಿಸಿದ ಸದ್ದು. 44 ಬಂದಾಗ ಮೂವರೂ ಕುಣಿದಾಡಿದೆವು, 47ಕ್ಕೆ ಅಷ್ಟು ಹತ್ತಿರ! ಹದಿನೈದು ನಿಮಿಷದ ನಿಯಮವೇ ನಮ್ಮನ್ನು ಕಾಪಾಡಿತು. ಅಂಕಿ 46, 49, 53 ಅಂತ ಏರುತ್ತಲೇ ಹೋಯ್ತು. ಗ್ರಿಡ್ ದಾರಿಯಲ್ಲಿ 470 ಕಿಲೋ ಓಮ್ ಸೇರಿಸಿದ ಕೂಡಲೇ ಇನ್ನೂ ಹಾರಿತು. ಒಳಗೆ ಅನಿಲ ಸೇರಿ ಗ್ರಿಡ್ಡಿನಲ್ಲಿ ಕರೆಂಟು ಹರಿಯುತ್ತಿತ್ತು. ಆಂಪ್ಲಿಫೈಯರಿಗೆ ಹಾಕಿದ್ದರೆ ಆ ರಾತ್ರಿಯ ಕೆಂಡವನ್ನು ಮತ್ತೊಮ್ಮೆ ನೋಡುತ್ತಿದ್ದೆವು. ಕೊನೆಗೆ ನಂಬಿಕೆಗೆ ಉಳಿದದ್ದು 38. ಸ್ಥಿರ, ಸದ್ದಿಲ್ಲ, ವೋಲ್ಟಿಗೆ 10 ಮಿಲಿ ಆಂಪಿಯರ್. ಆದರೆ 47ಕ್ಕೂ 38ಕ್ಕೂ 9ರ ಅಂತರ. ಜೋಡಿ ಅನ್ನಲು ನೂರಕ್ಕೆ ಐದರೊಳಗೆ ಇರಲಿ ಅಂತ ನಾವೇ ಗೆರೆ ಹಾಕಿಕೊಂಡಿದ್ದೆವು.

ಆಮೇಲೆ ಹುಕ್ಕೇರಿ. ಹುಕ್ಕೇರಿಯವಳ ಅಜ್ಜಿಯ ಹತ್ತಿರ ಒಂದು ವಾಲ್ವ್ ರೇಡಿಯೊ ಇತ್ತು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆಯ್ತು, ದೇಶದ ಮೊದಲ ಐದರಲ್ಲಿ ಒಂದು. ಹಳ್ಳಿಯ ಮನೆಗೆ ಲೈಟು ಬಂದ ಮೇಲೆ ಕೊಂಡ ಮೊದಲ ವಸ್ತು ಆ ರೇಡಿಯೊ ಅಂತ ಅಜ್ಜಿ ಹೇಳುತ್ತಾರೆ. ಈ ಸಲ ಸೀರೀಸ್ ಬಲ್ಬ್ ಹಾಕಿಯೇ ಚಾಲೂ ಮಾಡಿದೆವು. ಮೊದಲು ಬರೀ ಗರಗರ, ಆಮೇಲೆ ಯಾವುದೋ ಸ್ಟೇಷನ್ನಿನ ದನಿ. ಅಜ್ಜಿ ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದು, "ಧಾರವಾಡ ಹಚ್ಚ" ಅಂದು ರೇಡಿಯೊದ ಮುಂದೆ ಕೂತರು.

ಅದರ ಇಎಲ್ 84 ತೆಗೆದು ಜಿಗ್ಗಿನಲ್ಲಿಟ್ಟೆವು. 46. ಹದಿನೈದು ನಿಮಿಷ ಬಿಟ್ಟು, 46. ವೋಲ್ಟಿಗೆ 11. ಅವಳಿ ಅಂತಾರಲ್ಲ, ಹಾಗೆ.

ಅಜ್ಜಿ "ತಗೊಂಡ ಹೋಗ್ರಿ, ನಾ ಇನ್ನೇನ ಕೇಳಾಕಿ" ಅಂದರು. ಆದರೆ ಕೂತಲ್ಲಿಂದ ಎದ್ದಿರಲಿಲ್ಲ. ಆ ರೇಡಿಯೊದಲ್ಲಿ ಔಟ್‌ಪುಟ್ ವಾಲ್ವ್ ಇರುವುದು ಅದೊಂದೇ. ಅದಿಲ್ಲದೆ ಅದು ಮೂಕ. ಅದರ ಜಾಗಕ್ಕೆ ನಮ್ಮ 38ನ್ನು ಹಾಕಿ ಬರೋಣ ಅನ್ನುವ ಮಾತೂ ನಮ್ಮೊಳಗೆ ಬಂತು. ರೇಡಿಯೊಕ್ಕೆ ಜೋಡಿ ಬೇಕಿಲ್ಲವಲ್ಲ. ಆದರೆ ಒಂದು ವಾಲ್ವ್ ಕಳೆದು ಬಂದವರು, ಚೆಂದಾಗಿ ಹಾಡುತ್ತಿದ್ದ ಇನ್ನೊಂದು ಸೆಟ್ಟಿಗೆ ಕೈ ಹಾಕುವ ಧೈರ್ಯ ನಮಗೆ ಆಗಲಿಲ್ಲ. ಬಿಸಿ ಇಳಿಯುವ ತನಕ ಕಾದು, ಅದನ್ನು ವಾಪಸ್ ಅದರ ಸಾಕೆಟ್ಟಿಗೇ ಕೂರಿಸಿದೆವು.

ದಾರಿ ಸಿಕ್ಕಿದ್ದು ವಾಪಸ್ ಬರುವಾಗ ಬಸ್ಸಿನಲ್ಲಿ. ವಾಲ್ವ್ ಬದಲಿಸಲು ಆಗದಿದ್ದರೆ ಸರ್ಕ್ಯೂಟ್ ಬದಲಿಸಬಹುದಲ್ಲ? ಒಂದೇ 130 ಓಮಿನ ಬದಲು ಎರಡೂ ವಾಲ್ವಿಗೆ ಬೇರೆ ಬೇರೆ 270 ಓಮ್, ಒಂದೊಂದಕ್ಕೂ ತನ್ನದೇ ಬೈಪಾಸ್ ಕೆಪಾಸಿಟರ್. ಆಗ ಹೆಚ್ಚು ಎಳೆಯುವ ವಾಲ್ವ್ ತನ್ನ ಬಯಾಸನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ, ಕಡಿಮೆ ಎಳೆಯುವುದು ಸಡಿಲ ಮಾಡಿಕೊಳ್ಳುತ್ತದೆ. ಫಸ್ಟ್ ಇಯರಿನಲ್ಲಿ ಮಾರ್ಕ್ಸಿಗಾಗಿ ಬರೆದಿದ್ದ ನೆಗೆಟಿವ್ ಫೀಡ್‌ಬ್ಯಾಕ್ ಇದೇ. ಟಿಕೆಟ್ಟಿನ ಹಿಂದೆ ಲೆಕ್ಕ ಮಾಡಿದೆವು: ಒಂದೇ ರೆಸಿಸ್ಟರ್ ಇದ್ದರೆ ಸುಮಾರು 36 ಮತ್ತು 28, ಬೇರೆ ಬೇರೆ ಇದ್ದರೆ 32 ಮತ್ತು 30. ಅಂತರ 8ರಿಂದ 2ಕ್ಕೆ. ಸಿಗ್ನಲ್ ಹರಿಯುವಾಗ ಎರಡರ ಬಲ ಪೂರ್ತಿ ಸಮ ಆಗುವುದಿಲ್ಲ, ನಾವು ಹಾಕಿದ ಐದರ ಗೆರೆಯೂ ಸ್ವಲ್ಪ ದಾಟುತ್ತದೆ, ನಿಜ. ಆದರೆ ಟ್ರಾನ್ಸ್‌ಫಾರ್ಮರ್ ತಣ್ಣಗಿರುತ್ತದೆ.

ಸೋರುವ ಕೆಪಾಸಿಟರುಗಳನ್ನೆಲ್ಲ ಬದಲಿಸಿ, ರೆಸಿಸ್ಟರ್ ಹಾಕಿ, ಅಳೆದರೆ 32 ಮತ್ತು 29. ಲೆಕ್ಕಕ್ಕೆ ಇಷ್ಟು ಹತ್ತಿರ ಬಂದ ಲ್ಯಾಬ್ ರೀಡಿಂಗ್ ನಾವು ನಿಜವಾಗಿಯೂ ತೆಗೆದದ್ದು ಅದೇ ಮೊದಲು.

ಹಾಡು ಹಚ್ಚುವ ಮೊದಲು ಅಜ್ಜನ ಮುಂದೆ ಕೂತು ಎಲ್ಲ ಹೇಳಿದೆವು. ಧೋತರದ ತುಂಡು ಬಿಚ್ಚಿ ಸತ್ತ ವಾಲ್ವನ್ನೂ ತೋರಿಸಿದೆವು. ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಗೊತ್ತಿತ್ತು. ಆವತ್ತ ರಾತ್ರಿ ವಾಸನಿ ಬಂದಿತ್ತು."

"ಮತ್ತ ಯಾಕ ಕೇಳಲಿಲ್ಲ ಅಜ್ಜಾ?"

"ನೀವ ಹೇಳ್ತೀರಿ ಅಂತ ಸುಮ್ಮನಿದ್ನಿ. ಭಾಳ ತಡಾ ಮಾಡಿದ್ರಿ."

ಮೊಬೈಲಿನಿಂದ ಪಾರಿಜಾತದ ಒಂದು ರೆಕಾರ್ಡಿಂಗ್ ಹಚ್ಚಿದೆವು. ಅಜ್ಜ ಹಾಡಿಗಿಂತ ಮೊದಲು ಸ್ಪೀಕರಿಗೆ ಕಿವಿ ಕೊಟ್ಟು ಗುಂಯ್ ಇದೆಯಾ ಕೇಳಿದರು, ಟ್ರಾನ್ಸ್‌ಫಾರ್ಮರ್ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂತರು. ಆಮೇಲೆ ತಮ್ಮ ಹಳೆಯ ಬಾಡಿಗೆ ವಹಿ ತಂದು ಖಾಲಿ ಪುಟ ತೆಗೆದು ಕೊಟ್ಟರು. ಅದರಲ್ಲಿ ತಾರೀಕು ಹಾಕಿ ಬರೆದೆವು: ಎಡ 32, ಬಲ 29, ಕ್ಯಾಥೋಡ್ 270 ಓಮ್, ಒಂದು ವಾಲ್ವ್ ನಮ್ಮ ಕೈಯಿಂದ ಹೋಯ್ತು.

ಜಿಗ್ ಈಗ ನಮ್ಮ ಹಾಸ್ಟೆಲಿನಲ್ಲಿದೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪೆಟ್ಟಿಗೆ ಇದ್ದರೆ ತನ್ನಿ, ಕೂತು ಅಳೆಯೋಣ. ಅಲ್ಲಿಯ ತನಕ ದಯವಿಟ್ಟು ಸ್ವಿಚ್ ಮಾತ್ರ ಒತ್ತಬೇಡಿ.