ಕ್ಲಿಂಟ್ ಈಸ್ಟ್‌ವುಡ್ ಕುದುರೆ ಓಡಿಸಿದ ಸೀಮೆಯಲ್ಲಿ ಆರು ಜನ, ಒಂದು ಮನೆ!

ಸ್ಪೇನ್ ದೇಶ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಕೆಂಪು ಬಟ್ಟೆ ಬೀಸುವ ಗೂಳಿ ಕಾಳಗದವನು? ಗಿಟಾರು? ಹೂವು ಮುಡಿದು ನೆಲ ಅದುರುವಂತೆ ಕಾಲು ಕುಟ್ಟಿ ಕುಣಿಯುವ ಚೆಲುವೆ? ಎಲ್ಲವೂ ಸರಿ. ಆದರೆ ಚಿತ್ರರಸಿಕರಿಗೆ ಇನ್ನೂ ಒಂದು ನೆನಪಾಗಬೇಕು. ಬಾಯಲ್ಲಿ ಚುಟ್ಟಾ, ಹೆಗಲ ಮೇಲೆ ಕಂಬಳಿಯಂಥ ಪೊಂಚೊ, ಕಣ್ಣು ಕಿರಿದು ಮಾಡಿ ನಿಂತ ಕ್ಲಿಂಟ್ ಈಸ್ಟ್‌ವುಡ್! ಅವನ ಹಿಂದೆ ಬೋಳು ಗುಡ್ಡ, ಬಿರಿದ ಹಳ್ಳ, ಧೂಳೋ ಧೂಳು... ಅದು ಅಮೆರಿಕಾ ಅಂತ ತಾನೆ ನಾವೆಲ್ಲ ಸಿಳ್ಳೆ ಹೊಡೆದದ್ದು? ಅದರಲ್ಲಿ ಎಷ್ಟೋ ಭಾಗ ಅಮೆರಿಕಾ ಅಲ್ಲ ಸ್ವಾಮಿ, ದಕ್ಷಿಣ ಸ್ಪೇನಿನ ಅಲ್ಮೇರಿಯಾ ಪ್ರಾಂತ್ಯ!

ಇಟಲಿಯ ನಿರ್ದೇಶಕ ಸೆರ್ಜಿಯೋ ಲಿಯೋನೆ 1964, 65, 66ರಲ್ಲಿ ಸಾಲಾಗಿ ಮೂರು 'ಡಾಲರ್' ಚಿತ್ರ ತೆಗೆದು, ಅಲ್ಲಿಯವರೆಗೆ ಟೀವಿ ಧಾರಾವಾಹಿಯ ನಟನಾಗಿದ್ದ ಈಸ್ಟ್‌ವುಡ್‌ನನ್ನು ಆಕಾಶಕ್ಕೆ ಏರಿಸಿದ. ಕತೆ ಅಮೆರಿಕಾದ್ದು, ಹಣ ಯೂರೋಪಿನದ್ದು, ನೆಲ ಸ್ಪೇನಿನದ್ದು. ಅಲ್ಲಿ ಬಿಸಿಲಿಗೆ ಬರವಿಲ್ಲ, ಖರ್ಚು ಕಮ್ಮಿ, ಮಳೆ ಬಂದು ಶೂಟಿಂಗ್ ಕೆಡುವ ಭಯವಿಲ್ಲ. ನಮ್ಮ ಹಿರಿಯೂರು, ಚಳ್ಳಕೆರೆ ಕಡೆಗೆ ಬರುವ ಮೋಡವನ್ನು ಘಟ್ಟವೇ ಹಿಂಡಿ ಇಟ್ಟುಕೊಳ್ಳುವ ಹಾಗೆ ಅಲ್ಲೂ ಸುತ್ತಣ ಬೆಟ್ಟಗಳು ಮಳೆಯನ್ನು ತಡೆದು ತಾಬೆರ್ನಾಸ್ ಎಂಬ ಮರುಭೂಮಿಯನ್ನು ಮಾಡಿವೆ. ವರ್ಷಕ್ಕೆ 250 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ.

ಈ ಸೀಮೆ ನೋಡಬೇಕೆಂದು ಹೊರಟವರು ನಾವು ಆರು ಜನ. ಐವರು ಸಾಮಾನ್ಯರು. ಆರನೆಯವರೇ ನಮ್ಮ ಅಣ್ಣ. ವಯಸ್ಸು ಅರವತ್ತು ದಾಟಿದೆ. ತಾಲ್ಲೂಕು ಕೇಂದ್ರದ ಒಂದು ಟಾಕೀಸಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಭಾನುವಾರದ ಮಾರ್ನಿಂಗ್ ಶೋಗೆ ಬರುತ್ತಿದ್ದ ಇಂಗ್ಲಿಷ್ ಚಿತ್ರಗಳನ್ನು ನಮಗೆ ತೋರಿಸಿದ ಪುಣ್ಯಾತ್ಮ. ಆ ಟಾಕೀಸು ಈಗ ಕಲ್ಯಾಣ ಮಂಟಪ. ಕೈಗೆ ಬಂದ ದುಡ್ಡಿನಲ್ಲಿ ಮಗಳ ಮದುವೆ ಮಾಡಿ ಉಳಿದದ್ದನ್ನು ಅಣ್ಣ ಬ್ಯಾಂಕಿನಲ್ಲಿ ಇಟ್ಟಿದ್ದರು. "ನಾನು ಓಡಿಸಿದ ರೀಲಿನ ಊರು ಒಂದ್ಸಲ ಕಣ್ಣಾರೆ ನೋಡ್ಬೇಕು ಕಣ್ರೋ" ಎಂದು ಅದನ್ನು ಬಿಡಿಸಿಕೊಂಡು ಬಂದರು. ಎರಡನೇ ಸಲ ಹೋಗುವ ಮಾತೇ ಇಲ್ಲ. ಜೊತೆಗೆ ಅವರ ಎಡ ಮೊಣಕಾಲು ಸವೆದುಹೋಗಿದೆ. ಇಪ್ಪತ್ತು ಮೆಟ್ಟಿಲು ಹತ್ತಿದರೆ ಮಾರನೇ ದಿನ ಹಾಸಿಗೆಯೇ ಗತಿ.

ಆದ್ದರಿಂದ ನಮ್ಮ ಮುಂದಿದ್ದ ಪ್ರಶ್ನೆ 'ಏನೇನು ನೋಡೋದು' ಎಂಬುದಲ್ಲ, 'ಎಲ್ಲಿ ಬಿಡಾರ ಹೂಡೋದು' ಎಂಬುದು. ದಿನಕ್ಕೊಂದು ಊರು, ದಿನಕ್ಕೊಂದು ಲಾಡ್ಜು ಅಂತ ಪೆಟ್ಟಿಗೆ ಹೊತ್ತು ತಿರುಗುವುದು ಅಣ್ಣನ ಕಾಲಿಗೂ ಆಗದು, ನಮ್ಮ ಜೇಬಿಗೂ ಆಗದು. ಒಂದು ಸಣ್ಣ ಊರು ಹಿಡಿದು, ಮನೆ ಬಾಡಿಗೆಗೆ ತೆಗೆದುಕೊಂಡು, ಅಲ್ಲಿಂದ ಬೆಳಿಗ್ಗೆ ಹೋಗಿ ರಾತ್ರಿ ಬರುವುದೇ ಜಾಣತನ. ಇನ್ನೊಂದು ವಿಷಯ. ಷೆಂಗೆನ್ ವೀಸಾ ಕೇಳುವಾಗಲೇ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ಕಾಗದ ತೋರಿಸಬೇಕು. 30,000 ಯೂರೋ ಮೊತ್ತದ ವಿಮೆ ಬೇಕು. 2024ರ ಜೂನ್‌ನಿಂದ ಶುಲ್ಕವೇ ತಲೆಗೆ 90 ಯೂರೋ. 'ಹೋದ ಮೇಲೆ ನೋಡ್ಕೊಳ್ಳೋಣ' ಎಂಬ ನಮ್ಮ ಹಳೇ ಧರ್ಮಸ್ಥಳ ಟ್ರಿಪ್ಪಿನ ಪದ್ಧತಿ ನಡೆಯುವುದಿಲ್ಲ!

ಶುರುವಾಯಿತು ನೋಡಿ ಜಗಳ. ನಮ್ಮಲ್ಲೊಬ್ಬ 2011ರ 'ಜಿಂದಗಿ ನಾ ಮಿಲೇಗಿ ದೋಬಾರಾ' ಚಿತ್ರದ ಭಕ್ತ. ಹೃತಿಕ್, ಫರ್ಹಾನ್, ಅಭಯ್ ಮೂವರೂ 'ಸೆನೊರೀಟಾ' ಎಂದು ಕುಣಿದ ಅಲಾಹರ್ ಹಳ್ಳಿಗೇ ಹೋಗಬೇಕೆಂದು ಪಟ್ಟು ಹಿಡಿದ. ನಕ್ಷೆ ಬಿಚ್ಚಿದೆವು. ಅಲಾಹರ್ ಇರುವುದು ಪಶ್ಚಿಮದ ಉವೆಲ್ವಾ ಪ್ರಾಂತ್ಯದಲ್ಲಿ. ತಾಬೆರ್ನಾಸ್‌ಗೆ ಅಲ್ಲಿಂದ ಸುಮಾರು 500 ಕಿಲೋಮೀಟರ್! ಒಂದಕ್ಕೆ ಐದು ಓಟಿನಿಂದ ಸೆನೊರೀಟಾ ಸೋತಳು.

ಎರಡನೆಯವನು ರೋಂಡಾ ಅಂದ. ನೂರು ಮೀಟರ್ ಆಳದ ಕಮರಿ, ಅದರ ಮೇಲೆ 1793ರಲ್ಲಿ ಮುಗಿದ ಕಲ್ಲಿನ ಸೇತುವೆ. ಫೋಟೋದಲ್ಲಿ ನೋಡಿದರೇ ಮೈ ಜುಂ ಎನ್ನುತ್ತದೆ. ಆದರೆ ಅಲ್ಲಿಂದಲೂ ನಮ್ಮ ಮರುಭೂಮಿಗೆ ಹೆಚ್ಚುಕಮ್ಮಿ 300 ಕಿಲೋಮೀಟರ್. ಮೂರನೆಯವನದು ಸಮುದ್ರದ ಹಟ. ಕೋಲಾರದವನು, ಪಾಪ! ಮಲಗಾ ಕಡೆಯ ನೆರ್ಹಾ ಊರು ಹಿಡಿದ. ಚೆಂದದ ಊರೇ. ಪಕ್ಕದಲ್ಲಿ ಸುಣ್ಣ ಬಳಿದ ಫ್ರಿಹಿಲಿಯಾನಾ ಹಳ್ಳಿ ಬೇರೆ. ಆದರೆ ಸುತ್ತ ಪ್ರವಾಸಿಗಳ ಜಾತ್ರೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ, ಹಳ್ಳಿಯ ಬೀದಿಗಳಂತೂ ಬರೀ ಮೆಟ್ಟಿಲು. ಅಣ್ಣ ಸುಮ್ಮನೆ ತಮ್ಮ ಮೊಣಕಾಲು ಸವರಿಕೊಂಡರು. ಮೊಹಾಕರ್ ಕತೆಯೂ ಅಷ್ಟೆ. ಬೆಟ್ಟದ ತುದಿಯಲ್ಲಿ ಊರು, ಕೆಳಗೆ ಕಡಲು. ನಡುವೆ ಏರೋರು ಇಳಿಯೋರು ಯಾರು?

ಒಬ್ಬ ಮಹಾಶಯ ಮಾತ್ರ ತಾಬೆರ್ನಾಸ್‌ನ 'ಫೋರ್ಟ್ ಬ್ರಾವೊ' ಎಂಬ ಸಿನಿಮಾ ಸೆಟ್ಟಿನಲ್ಲೇ ಮರದ ಗುಡಿಸಲು ಬಾಡಿಗೆಗೆ ಸಿಗುತ್ತದೆಂದು ಪತ್ತೆ ಮಾಡಿ ಕುಣಿದಾಡಿದ. ಕೌಬಾಯ್ ಊರಲ್ಲೇ ಮಲಗೋದು! ನನಗೂ ಆಸೆಯಾಯಿತು, ಸುಳ್ಳೇಕೆ? ಆದರೆ ಒಂದು ರಾತ್ರಿಗೆ ಸರಿ. ಎಂಟು ರಾತ್ರಿ ಹಾಲಿನ ಅಂಗಡಿ ಎಲ್ಲಿ, ಔಷಧಿ ಅಂಗಡಿ ಎಲ್ಲಿ ಅಂತ ಮರುಭೂಮಿಯಲ್ಲಿ ಹುಡುಕೋದು ಯಾರು?

ಕೊನೆಗೆ ಉಳಿದದ್ದು ಎರಡೇ ಊರು. ಒಂದು ಗ್ವಾದಿಕ್ಸ್. ಸುಮಾರು ಎರಡು ಸಾವಿರ ಮನೆಗಳನ್ನು ಮಣ್ಣಿನ ಗುಡ್ಡದೊಳಗೇ ಕೊರೆದ ಗುಹೆಗಳ ಊರು! ಬೇಸಿಗೆಯಲ್ಲೂ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಗ್ರಾನಡಾಕ್ಕೆ ಒಂದು ಗಂಟೆಯೂ ಬೇಡ. ಇನ್ನೊಂದು ನೀಹಾರ್. ನಮ್ಮ ಭಾಷೆಯಲ್ಲಿ ನೀಹಾರ ಎಂದರೆ ಮಂಜು. ಆ ಊರಲ್ಲಿ ಮಂಜಿನ ಹನಿ ಹುಡುಕಿದರೂ ಸಿಗದು! ಬೆಟ್ಟದ ಬುಡದ ಬಿಳೀ ಊರು. ಮಣ್ಣಿನ ಪಾತ್ರೆಗೂ, ಚಿಂದಿ ಬಟ್ಟೆಯಿಂದ ನೇಯುವ 'ಹರಾಪಾ' ಎಂಬ ಜಮಖಾನಕ್ಕೂ ಹೆಸರಾದದ್ದು.

ನಾನು ಒಂದು ದಾರ ತೆಗೆದುಕೊಂಡೆ. ನಕ್ಷೆಯ ಅಳತೆಯಲ್ಲಿ 45 ಕಿಲೋಮೀಟರಿನಷ್ಟು ದಾರ. ಒಂದು ತುದಿ ಗ್ವಾದಿಕ್ಸ್ ಮೇಲಿಟ್ಟು ತಿರುಗಿಸಿದರೆ ಒಳಗೆ ಬಿದ್ದದ್ದು ಲಾ ಕಲಾವೋರಾ ಕೋಟೆ, ಎರಡು ರೈಲು ನಿಲ್ದಾಣ. ಸಮುದ್ರವೇ ಇಲ್ಲ. ಅದೇ ತುದಿ ನೀಹಾರ್ ಮೇಲಿಟ್ಟೆ. ತಾಬೆರ್ನಾಸ್‌ನ ಸೆಟ್ಟುಗಳು ಒಳಗೆ, ಕಾಬೊ ದೆ ಗಾತಾ ಕಡಲತೀರ ಒಳಗೆ, ಕಾರ್ಬೊನೆರಾಸ್ ಒಳಗೆ, ಅಲ್ಮೇರಿಯಾ ವಿಮಾನ ನಿಲ್ದಾಣ ಒಳಗೆ! ಹೊರಗೆ ಉಳಿದದ್ದು ಗ್ರಾನಡಾದ ಅಲ್‌ಹಂಬ್ರಾ ಅರಮನೆ ಒಂದೇ. ಅದಕ್ಕೆ ಒಂದು ದಿನ ಮೀಸಲಿಟ್ಟರಾಯಿತು. ಕೋಲಾರದವನು ಎದ್ದು ನಿಂತು ಚಪ್ಪಾಳೆ ತಟ್ಟಿದ.

ಮನೆ ಹಿಡಿಯುವಾಗಲೂ ಅಷ್ಟೇ ಜಾಗ್ರತೆ. ನೀಹಾರ್‌ನ ಮೇಲಿನ ಕೇರಿ ಚೆಂದ, ಆದರೆ ಕಡಿದು. ಕುಂಬಾರರ ಅಂಗಡಿಗಳಿರುವ ಕೆಳಗಿನ ಬೀದಿಯ ಹತ್ತಿರ, ನೆಲಮಾಳಿಗೆಯೂ ಅಲ್ಲದ ಮಹಡಿಯೂ ಅಲ್ಲದ, ಬಾಗಿಲಿಗೆ ಒಂದೇ ಮೆಟ್ಟಿಲಿನ ಮನೆ ಹುಡುಕಿದೆವು. ಮೂರು ಕೋಣೆ, ಅಡಿಗೆಮನೆ, ಮುಂದೆ ವ್ಯಾನು ನಿಲ್ಲಿಸಲು ಜಾಗ. ರಾತ್ರಿಗೆ 120 ಯೂರೋ, ಅಂದರೆ ತಲೆಗೆ 20. ಏಳು ಸೀಟಿನ ವ್ಯಾನು ಬಾಡಿಗೆಗೆ. ಊರಿನ ಆರ್‌ಟಿಓ ಆಫೀಸಿನಲ್ಲಿ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿದ್ದ ಇಬ್ಬರು ಸರದಿಯಲ್ಲಿ ಓಡಿಸುವುದು. ಅಲ್ಲಿ ಬಲಗಡೆ ಓಡಿಸಬೇಕು. ಮೊದಲ ದಿನ ಪ್ರತಿ ವೃತ್ತದಲ್ಲೂ ಆರು ಜನವೂ ಒಟ್ಟಿಗೆ "ಬಲಕ್ಕೆ! ಬಲಕ್ಕೆ!" ಎಂದು ಕೂಗಿದ್ದೇ ಕೂಗಿದ್ದು.

ಊಟದ ಮಾತು ಹೇಳಲೇಬೇಕು. ಅಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಗೆ, ರಾತ್ರಿಯದು ಒಂಬತ್ತಕ್ಕೆ. ನಡುವೆ ಅಂಗಡಿಗಳೆಲ್ಲ ಬಾಗಿಲು ಹಾಕಿ ನಿದ್ದೆ! ಬಾರುಗಳಲ್ಲಿ ಸೂರಿನಿಂದ ಹಂದಿ ತೊಡೆಗಳು ತೂಗಾಡುತ್ತವೆ. ನಮ್ಮಲ್ಲಿದ್ದ ಸಸ್ಯಾಹಾರಿ ಗೆಳೆಯ ಮೊದಲ ದಿನವೇ 'ಸಿನ್ ಹಮೋನ್', ಅಂದರೆ ಹಂದಿ ಬೇಡ, ಎಂಬ ಮಂತ್ರ ಕಲಿತ. ಆದರೂ ತರಕಾರಿಯದೆಂದು ಕೊಟ್ಟ ಬ್ರೆಡ್ಡಿನೊಳಗೆ ಮೀನು! ಅವರ ಲೆಕ್ಕದಲ್ಲಿ ಅದು ತರಕಾರಿ ಬ್ರೆಡ್ಡೇ. ಟೊಮೇಟೊ ಉಜ್ಜಿದ ಬ್ರೆಡ್ಡು, ಜೇನಿನಂಥ ಕಬ್ಬಿನ ಪಾಕ ಸುರಿದ ಬದನೆಕಾಯಿ ಬಜ್ಜಿ, ಇವು ಕಾಪಾಡಿದವು. ರಾತ್ರಿ ಮನೆಯಲ್ಲೇ ಅನ್ನ ಸಾರು. ತರಕಾರಿಗೇನು ಬರ? ಎಲ್ ಎಹಿದೋ ಸುತ್ತ ನೆಲವೇ ಕಾಣದಂತೆ ಪ್ಲಾಸ್ಟಿಕ್ ಹೊದ್ದ ತೋಟಗಳು, ಸಾವಿರಾರು ಹೆಕ್ಟೇರು. ಯೂರೋಪಿನ ಟೊಮೇಟೊ, ಸೌತೆಕಾಯಿ ಎಷ್ಟೋ ಪಾಲು ಇಲ್ಲಿಂದಲೇ. ಅಲ್ಮೇರಿಯಾದ ಬಾರುಗಳಲ್ಲಿ ಒಂದು ಗ್ಲಾಸು ಕುಡಿಯಲು ತೆಗೆದುಕೊಂಡರೆ ಜೊತೆಗೊಂದು ತಿಂಡಿ ತಟ್ಟೆಯೂ ಬರುತ್ತದೆ. ನಮ್ಮ ಹುಡುಗರು ಇದನ್ನು ದುರುಪಯೋಗ ಮಾಡಿಕೊಳ್ಳಲಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ.

ಎರಡನೇ ದಿನ ತಾಬೆರ್ನಾಸ್. 1965ರ 'ಫಾರ್ ಎ ಫ್ಯೂ ಡಾಲರ್ಸ್ ಮೋರ್' ಚಿತ್ರಕ್ಕೆ ಕಟ್ಟಿದ ಊರು ಇಂದಿಗೂ ನಿಂತಿದೆ. ಹೆಸರು ಮಿನಿ ಹಾಲಿವುಡ್. ಬ್ಯಾಂಕು, ಸಲೂನು, ಜೈಲು ಎಲ್ಲ ಇದೆ. ಹೊತ್ತಿಗೆ ಸರಿಯಾಗಿ ಕಳ್ಳರು ಕುದುರೆ ಮೇಲೆ ಬಂದು, ಷೆರೀಫ್ ಗುಂಡು ಹಾರಿಸಿ, ಮಾಳಿಗೆಯಿಂದ ಒಬ್ಬ ಉರುಳಿ ಬೀಳುತ್ತಾನೆ. ಹೀಗೆ ಬಿದ್ದು ಏಳುವುದನ್ನೇ ಕಸುಬು ಮಾಡಿಕೊಂಡ ಸ್ಟಂಟ್‌ಮನ್‌ಗಳ ಬದುಕಿನ ಮೇಲೆ 2002ರಲ್ಲಿ '800 ಬಾಲಾಸ್' ಎಂಬ ಸ್ಪ್ಯಾನಿಷ್ ಚಿತ್ರವೇ ಬಂದಿದೆ. ಅಲ್ಲೇ ಸಮೀಪದ 'ವೆಸ್ಟರ್ನ್ ಲಿಯೋನೆ'ಯಲ್ಲಿ 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್'ನ ಮನೆ ಇದೆ. ಇಡೀ ಸಂಸಾರವನ್ನು ಅಂಗಳದಲ್ಲೇ ಗುಂಡಿಟ್ಟು ಕೊಲ್ಲುವ ದೃಶ್ಯ, ಕೊನೆಗೆ ಸಣ್ಣ ಹುಡುಗ... ಎಲ್ಲೋ ನೋಡಿದ ಹಾಗಿದೆಯೇ? 1975ರ 'ಶೋಲೆ'! ಗಬ್ಬರ್ ಠಾಕೂರನ ಮನೆಗೆ ಬರುವ ದೃಶ್ಯ! ಈ ಅಂಗಳದ ನೆರಳು ನಮ್ಮ ರಾಮನಗರದ ಬಂಡೆಗಳವರೆಗೂ ಚಾಚಿದೆ ನೋಡಿ.

ಆದರೆ ಅಣ್ಣನಿಗೆ ಮಿನಿ ಹಾಲಿವುಡ್ ಅಷ್ಟು ಹಿಡಿಸಲಿಲ್ಲ. "ಎಲ್ಲಾ ಬಣ್ಣ ಹೊಡ್ದು ಇಟ್ಟವ್ರೆ ಕಣೋ" ಎಂದು ಬೆಂಚಿನ ಮೇಲೆ ಕೂತರು.

ಮಾರನೇ ದಿನ ಲೋಸ್ ಅಲ್ಬರಿಕೋಕೆಸ್. ಹಾಗೆಂದರೆ ಅಲ್ಲಿಯ ಮಾತಿನಲ್ಲಿ ಜರ್ದಾಳು ಹಣ್ಣುಗಳು ಎಂದರ್ಥ. ನೀಹಾರ್ ಆಡಳಿತಕ್ಕೇ ಸೇರಿದ ಪುಟ್ಟ ಹಳ್ಳಿ. ಸದ್ದಿಲ್ಲ, ಟಿಕೆಟ್ಟಿಲ್ಲ. ಬಿಳೀ ಗೋಡೆಯ ಮೇಲೆ ಬೀದಿಯ ಹೆಸರು ಓದಿ ಎಲ್ಲರೂ ನಿಂತೇಬಿಟ್ಟೆವು. ಕ್ಲಿಂಟ್ ಈಸ್ಟ್‌ವುಡ್ ಬೀದಿ! ಮುಂದೆ ಸೆರ್ಜಿಯೋ ಲಿಯೋನೆ ಬೀದಿ! ಹಳ್ಳಿಯ ಅಂಚಿಗೆ ಹೋದರೆ ಕಲ್ಲು ಹಾಸಿದ ದುಂಡನೆಯ ಒಕ್ಕಣೆ ಕಣ. ನಮ್ಮೂರ ಕಣದ ಹಾಗೇ. ಮೇಟಿ ಕಂಬ ಒಂದಿಲ್ಲ. ಇಲ್ಲೇ ಲೀ ವ್ಯಾನ್ ಕ್ಲೀಫ್, ಜಿಯಾನ್ ಮರಿಯಾ ವೊಲೊಂಟೆ ಇಬ್ಬರೂ ಎದುರುಬದುರು ನಿಂತದ್ದು. ಜೇಬಿನ ಗಡಿಯಾರದ ಸಂಗೀತ ನಿಂತ ಕ್ಷಣ ಗುಂಡು. ಎನ್ನಿಯೊ ಮೊರಿಕೋನೆಯ ಆ ನಾದ ಯಾರಿಗೆ ತಾನೆ ಮರೆತೀತು?

ಅಣ್ಣ ಕೋಲು ನನ್ನ ಕೈಗೆ ಕೊಟ್ಟು ಕಣದ ನಡುವೆ ನಡೆದರು. ಒಂದು ಅಂಚಿನಲ್ಲಿ ನಿಂತರು, ಆಮೇಲೆ ಇನ್ನೊಂದರಲ್ಲಿ. ಸುತ್ತ ಬೆಟ್ಟದ ಸಾಲು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ ಮಾತು ಇಷ್ಟೇ: "ಈ ಸೀನು ಬರೋವಾಗ ನಾನು ಒಂದಿನಾನೂ ಪರದೆ ಪೂರ್ತಿ ನೋಡ್ಲಿಲ್ಲ ಮರಿ. ಕಾರ್ಬನ್ ಕಡ್ಡಿ ಸರಿ ಮಾಡ್ತಾ ಕೂತಿರ್ತಿದ್ದೆ. ಬೆಳಕು ಮಂಕಾದ್ರೆ ಗಾಂಧಿ ಕ್ಲಾಸಿನೋರು ಬೆಂಚು ಮುರೀತಿದ್ರು." ಒಬ್ಬ ಫೋನಿನಲ್ಲಿ ಆ ಗಡಿಯಾರದ ಸಂಗೀತ ಹಾಕಿದ. ಮುಗಿಯುವವರೆಗೂ ಅಣ್ಣ ಅಲ್ಲಾಡಲಿಲ್ಲ. ಮೂಲೆಯ ಮನೆಯ ಅಜ್ಜಿಯೊಬ್ಬರು ಬಾಗಿಲಿಗೆ ಬಂದು ನೋಡಿ, ಕುರ್ಚಿ ತಂದು ಹಾಕಿದರು. ಭಾಷೆ ಬಾರದು. ಇಬ್ಬರೂ ಕೈಸನ್ನೆಯಲ್ಲೇ ಅರ್ಧ ಗಂಟೆ ಮಾತಾಡಿದರು!

ಅಲ್ಲಿಂದ ಕಚ್ಚಾ ದಾರಿಯಲ್ಲಿ ಹೋದರೆ ಕೊರ್ತೀಹೊ ದೆಲ್ ಫ್ರೈಲೆ ಎಂಬ ಪಾಳುಬಿದ್ದ ತೋಟದ ಮನೆ. 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ'ಯ ಪಾದ್ರಿಗಳ ಮಠ ಇದೇ. ಸಿನಿಮಾಕ್ಕಿಂತ ಘೋರ ಕತೆ ಈ ಮನೆಯದು. 1928ರಲ್ಲಿ ಇಲ್ಲಿನ ಮದುಮಗಳು ಮದುವೆಯ ಹೊತ್ತಿಗೆ ಸೋದರ ಸಂಬಂಧಿಯೊಬ್ಬನ ಜೊತೆ ಓಡಿಹೋದಳು. ದಾರಿಯಲ್ಲೇ ಅವನ ಕೊಲೆಯಾಯಿತು. ಅದರಿಂದಲೇ ಕವಿ ಲೋರ್ಕಾ 'ಬ್ಲಡ್ ವೆಡ್ಡಿಂಗ್' ನಾಟಕ ಬರೆದ.

ಗ್ರಾನಡಾ ದಿನ ಬೆಳಿಗ್ಗೆ ಐದಕ್ಕೇ ಎದ್ದೆವು. ಅಲ್‌ಹಂಬ್ರಾದ ನಸ್ರಿದ್ ಅರಮನೆಗೆ ಟಿಕೆಟ್ಟಿನ ಮೇಲೆ ಹೊತ್ತು ಬರೆದಿರುತ್ತದೆ. ತಿಂಗಳುಗಳ ಮುಂಚೆಯೇ ತೆಗೆದಿಡಿ, ಇಲ್ಲದಿದ್ದರೆ ಗೇಟಿನಿಂದಲೇ ನಮಸ್ಕಾರ. ವಾಪಸು ಬರುವಾಗ ದಾರಿಯಲ್ಲೇ ಗ್ವಾದಿಕ್ಸ್ ರೈಲು ನಿಲ್ದಾಣ, ಲಾ ಕಲಾವೋರಾ ಬಯಲು ಎರಡನ್ನೂ ನೋಡಿದೆವು. ಗುಹೆ ಊರು ನೋಡಲಿಲ್ಲವೆಂಬ ಕೊರಗೂ ತೀರಿತು.

ಕಾರ್ಬೊನೆರಾಸ್ ಹತ್ತಿರದ ಅಲ್ಗರೊಬೀಕೊ ತೀರದಲ್ಲಿ 1962ರ 'ಲಾರೆನ್ಸ್ ಆಫ್ ಅರೇಬಿಯಾ'ಕ್ಕಾಗಿ ಅಕಾಬಾ ಪಟ್ಟಣವನ್ನೇ ಕಟ್ಟಿದ್ದರು. ಒಂಟೆ, ಕುದುರೆಗಳ ದಂಡು ಸಮುದ್ರದವರೆಗೆ ನುಗ್ಗುವ ಆ ಷಾಟ್! ಆಮೇಲೆ ಅದೇ ತೀರದಲ್ಲಿ ಎದ್ದ ದೈತ್ಯ ಹೋಟೆಲ್ ಕಟ್ಟಡದ ಕೆಲಸವನ್ನು ಕೋರ್ಟು 2006ರಲ್ಲಿ ನಿಲ್ಲಿಸಿತು. ಸಿನಿಮಾದವರು ಕಟ್ಟಿದ್ದನ್ನು ಕಿತ್ತುಕೊಂಡು ಹೋದರು, ಅದೇ ವಾಸಿ.

ಕೊನೆಯ ದಿನ ಮೋನ್ಸುಲ್ ಕಡಲತೀರ. ಬೇಸಿಗೆಯಲ್ಲಿ ಕಾರುಗಳನ್ನು ಲೆಕ್ಕ ಹಾಕಿ ಬಿಡುತ್ತಾರೆ. ನಾವು ಹೋದದ್ದು ಅಕ್ಟೋಬರ್, ಯಾರೂ ತಡೆಯಲಿಲ್ಲ. 1989ರ 'ಇಂಡಿಯಾನಾ ಜೋನ್ಸ್' ಚಿತ್ರದಲ್ಲಿ ಶಾನ್ ಕಾನರಿ ಕೊಡೆ ಬಿಚ್ಚಿ ಹಕ್ಕಿಗಳನ್ನೆಬ್ಬಿಸಿ ವಿಮಾನ ಬೀಳಿಸುತ್ತಾನಲ್ಲ, ಇದೇ ಮರಳು. ಕೋಲಾರದವನು ಷರಟು ಬಿಸಾಕಿ ನೀರಿಗೆ ಹಾರಿದವನು ಎರಡು ಗಂಟೆ ಮೇಲೆ ಬರಲಿಲ್ಲ. ಅಣ್ಣ ಬಂಡೆ ನೆರಳಲ್ಲಿ ಪಂಚೆ ಮಡಚಿ ಕಟ್ಟಿ, ಊರಿಂದ ತಂದಿದ್ದ ಕಪ್ಪು ಕೊಡೆ ಬಿಚ್ಚಿ ಹಿಡಿದು ಕೂತರು. ದಡದ ಮೇಲಿದ್ದ ನಾಲ್ಕು ಹಕ್ಕಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. "ಟೇಕ್ ಸರಿ ಬರ್ಲಿಲ್ಲ, ಇನ್ನೊಂದ್ಸಲ!" ಎಂದು ಅಣ್ಣ ಕೊಡೆ ಮಡಚಿ ಮತ್ತೆ ಬಿಚ್ಚಿದರು.