ಟಕ ಟಕ ಅಂತು, ಸ್ಟಾರ್ಟ್ ಆಗ್ಲಿಲ್ಲ

ಬೆಳಗಿನ ಜಾವ 4.50. ಜುಲೈ ತಿಂಗಳ ಜಡಿಮಳೆ. ಹಿಂದಿನ ಸೀಟಲ್ಲಿ ಅಪ್ಪ, ತೊಡೆ ಮೇಲೆ ಆಸ್ಪತ್ರೆ ಫೈಲಿನ ಚೀಲ. ತೀರ್ಥಹಳ್ಳಿ ಹತ್ತಿರದ ನಮ್ಮೂರಿಂದ ಶಿವಮೊಗ್ಗಕ್ಕೆ 60 ಕಿ.ಮೀ. ಮೇಲಾಗುತ್ತೆ. 7 ಗಂಟೆಗೆ ಡಯಾಲಿಸಿಸ್. ಕೀ ತಿರುಗಿಸಿದೆ.

ಟಕ ಟಕ ಟಕ ಟಕ.

ಅಷ್ಟೇ. ಇಂಜಿನ್ ಅಲುಗಾಡಲಿಲ್ಲ. ಇನ್ನೊಂದ್ಸಲ ತಿರುಗಿಸಿದೆ. ಮತ್ತೊಂದ್ಸಲ. ನಿಮಗೂ ಹೀಗಾಗಿದ್ರೆ ಗೊತ್ತಿರುತ್ತೆ, ಆ ಹೊತ್ತಲ್ಲಿ ಕೈ ತಲೆಯ ಮಾತು ಕೇಳೋದಿಲ್ಲ.

ಗ್ಯಾರೇಜಿನ ಅಣ್ಣನಿಗೆ ಫೋನ್ ಮಾಡಿದೆ. ನಿದ್ದೆಗಣ್ಣಲ್ಲೇ ಎತ್ತಿದ್ರು. ‘ಗಾಬ್ರಿ ಆಗ್ಬೇಡ ತಂಗಿ. ಸುಮ್ನೆ ಕೀ ತಿರುಗಿಸ್ತಾ ಇರ್ಬೇಡ, ಇರೋ ಚೂರು ಕರೆಂಟೂ ಹೋಗುತ್ತೆ. ಫೋನು ಬಾನೆಟ್ ಹತ್ರ ಹಿಡ್ಕೊ, ಅಪ್ಪನ ಹತ್ರ ಒಂದೇ ಒಂದ್ಸಲ ತಿರುಗಿಸೋಕೆ ಹೇಳು.’

ಅಪ್ಪ ನಿಧಾನಕ್ಕೆ ಮುಂದಿನ ಸೀಟಿಗೆ ಬಂದು ಕೀ ತಿರುಗಿಸಿದ್ರು. ಕೊಡೆ ಹಿಡಿದು ಮುಂದೆ ನಿಂತಿದ್ದ ಅಮ್ಮ, ‘ಲೈಟ್ ನಂದೇ ಹೋದಂಗಾಯ್ತಲ್ಲೇ’ ಅಂದ್ರು. ಅಣ್ಣನಿಗೆ ಅಷ್ಟು ಸಾಕಾಗಿತ್ತು. ‘ಬ್ಯಾಟರಿ ಇಲ್ಲಾ ಟರ್ಮಿನಲ್. ಮೊದ್ಲು ಟರ್ಮಿನಲ್ ನೋಡು.’

ಆ ಶಬ್ದದ ಅರ್ಥ ಇಷ್ಟು. ಕೀ ತಿರುಗಿಸಿದಾಗ ಮೊದಲು ಸ್ಟಾರ್ಟರ್ ಮೇಲಿರೋ ಸೊಲೆನಾಯ್ಡ್ ಒಳಕ್ಕೆ ಎಳೆದುಕೊಳ್ಳುತ್ತೆ. ಅದೇ ‘ಟಕ್’. ಆಮೇಲೆ ಮೋಟಾರಿಗೆ ದೊಡ್ಡ ಕರೆಂಟು ಹೋಗ್ಬೇಕು. ಅಷ್ಟು ಕರೆಂಟು ಬರದಿದ್ರೆ ವೋಲ್ಟೇಜ್ ಕುಸಿಯುತ್ತೆ, ಸೊಲೆನಾಯ್ಡ್ ಕೈಬಿಡುತ್ತೆ. ಕೈಬಿಟ್ಟ ಕೂಡ್ಲೇ ವೋಲ್ಟೇಜ್ ಏರುತ್ತೆ, ಮತ್ತೆ ಎಳೆಯುತ್ತೆ. ಟಕ ಟಕ ಟಕ. ಲೈಟೂ ಮಂಕಾದ್ರೆ ಬ್ಯಾಟರಿ ಅಥವಾ ಅದರ ಜೋಡಣೆಯನ್ನ ಮೊದಲು ನೋಡಿ. ಒಂದೇ ಒಂದು ಗಟ್ಟಿ ‘ಟಕ್’ ಬಂದು ಲೈಟ್ ಚೆನ್ನಾಗೇ ಉರೀತಿದ್ರೆ ಅನುಮಾನ ಸ್ಟಾರ್ಟರ್ ಮೇಲೆ. ಆಗ ಮೆಕ್ಯಾನಿಕ್ ಬೇಕು.

ಬಾನೆಟ್ ಎತ್ತಿ ಟಾರ್ಚ್ ಬಿಟ್ಟೆ. ಎರಡನೇ ಫೋಟೋ ನೋಡಿ. ಟರ್ಮಿನಲ್ ಸುತ್ತ ಆ ಬಿಳಿ-ಹಸಿರು ಪುಡಿ.

‘ಲೈಟ್ ಉರಿಯುತ್ತಲ್ಲ, ಬ್ಯಾಟರಿ ಸರಿ ಇದೆ’ ಅಂತ ನಾನೂ ನಂಬಿದ್ದೆ. ಹೈಸ್ಕೂಲಿನ ಓಮ್ ನಿಯಮ ನೆನಪಿದ್ಯಾ? ಆ ಪುಡಿ ಬರೀ 0.05 ಓಮ್ ಅಡ್ಡಿ ಮಾಡಿದೆ ಅಂದ್ಕೊಳ್ಳಿ. ಎರಡು ಹೆಡ್‌ಲೈಟಿಗೆ ಬೇಕಿರೋದು ಸುಮಾರು 10 ಆಂಪಿಯರ್. ಅರ್ಧ ವೋಲ್ಟ್ ನಷ್ಟ, ಕಣ್ಣಿಗೆ ಗೊತ್ತೇ ಆಗಲ್ಲ. ಸ್ಟಾರ್ಟರಿಗೆ 100 ಆಂಪಿಯರ್ ಬೇಕಾದ್ರೆ ನಷ್ಟ 5 ವೋಲ್ಟ್. 12ರಲ್ಲಿ 5 ಹೋದ್ರೆ ಇಂಜಿನ್ ತಿರುಗೋದಾದ್ರೂ ಹೇಗೆ?

ಅಣ್ಣ ಫೋನಲ್ಲಿ ಹೇಳ್ತಾ ಹೋದ್ರು, ನಾನು ಮಾಡ್ತಾ ಹೋದೆ. ಕೀ ತೆಗೆದೆ. 10 ನಂಬರ್ ಸ್ಪ್ಯಾನರಲ್ಲಿ ಮೊದಲು ಮೈನಸ್ ಬಿಚ್ಚಿದೆ, ಆಮೇಲೆ ಪ್ಲಸ್. ಬಚ್ಚಲಿನ ಹಂಡೆಯಿಂದ ಅಮ್ಮ ಬಿಸಿನೀರು ತಂದ್ರು, ಅದಕ್ಕೆ ಎರಡು ಚಮಚ ಅಡುಗೆ ಸೋಡಾ. ಹಳೇ ಹಲ್ಲುಜ್ಜೋ ಬ್ರಶ್ಶಲ್ಲಿ ಉಜ್ಜಿದ್ರೆ ನೊರೆ ನೊರೆಯಾಗಿ ಪುಡಿ ಬಿಟ್ಕೊಂಡು ಬಂತು. (ಆ ಪುಡಿ ಕಣ್ಣಿಗೆ, ಬರಿಗೈಗೆ ತಾಗಬಾರದು. ಹತ್ತಿರ ಬೆಂಕಿ, ಬೀಡಿ ಬೇಡವೇ ಬೇಡ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ.) ಒಣಬಟ್ಟೆಯಲ್ಲಿ ಒರೆಸಿ, ಮರಳುಕಾಗದದಿಂದ ತಿಕ್ಕಿ, ಈ ಸಲ ಪ್ಲಸ್ ಮೊದಲು, ಮೈನಸ್ ಕೊನೆಗೆ. ಕೈಯಲ್ಲಿ ತಿರುವಿದ್ರೆ ಅಲುಗಾಡದ ಹಾಗೆ ಬಿಗಿ ಮಾಡಿದೆ.

ಇದಕ್ಕೂ ಆಗದಿದ್ರೆ ಪಕ್ಕದ ಮನೆ ಜೀಪಿಂದ ಜಂಪರ್ ಕೇಬಲ್ ಹಾಕೋದು ಅಂತಿತ್ತು. ಅದರ ಕ್ರಮವನ್ನೂ ಬರೆದಿಟ್ಕೊಳ್ಳಿ. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೇ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೇ ಬ್ಯಾಟರಿಯ ಮೈನಸ್‌ಗೆ. ಅದರ ಇನ್ನೊಂದು ತುದಿ ಸತ್ತ ಬ್ಯಾಟರಿಗಲ್ಲ, ಅದರಿಂದ ದೂರ ಇಂಜಿನ್ನಿನ ಬರಿ ಲೋಹಕ್ಕೆ. ಕಿಡಿ ಹಾರಿದ್ರೂ ಬ್ಯಾಟರಿ ಹತ್ರ ಹಾರಬಾರದು, ಅದಕ್ಕೆ.

5.35. ಅಪ್ಪ ಹಿಂದಿನ ಸೀಟಲ್ಲಿ ಕಣ್ಮುಚ್ಚಿ ಕೂತಿದ್ರು. ಕೀ ತಿರುಗಿಸಿದೆ. ಒಂದೇ ಏಟಿಗೆ ಹೊತ್ಕೊಳ್ತು. ನನಗೆ ಅಳು ಬಂತು, ಸುಳ್ಳು ಹೇಳಲ್ಲ.

ನಿಮಗೆ ಹೇಳ್ಬೇಕು ಅಂತ ಕೂತಿದ್ದು ನಿಜಕ್ಕೂ ಈ ಮುಂದಿನದ್ದು. ಎರಡು ವಾರದಿಂದ ಕಾರು ಬೆಳಿಗ್ಗೆ ಹೊತ್ತು ಎಳೆದು ಎಳೆದು ಸ್ಟಾರ್ಟ್ ಆಗ್ತಿತ್ತು. ‘ಮಳೆಗಾಲ ಅಲ್ವಾ, ಥಂಡಿ’ ಅಂತ ಬಿಟ್ಟಿದ್ದೆ. ದಾರಿಯಲ್ಲಿ ಅದನ್ನ ಹೇಳಿದಾಗ ಅಪ್ಪ ಸುಮಾರು ಹೊತ್ತು ಸುಮ್ನಿದ್ದು ಅಂದ್ರು: ‘ನನ್ನ ಕಾಲು ಊದ್ಕೊಂಡಾಗ್ಲೂ ನಾವು ಹಂಗೇ ಅಂದಿದ್ವಲ್ಲ ಮಗಾ. ಗದ್ದೆ ಕೆಲ್ಸ ಜಾಸ್ತಿ ಆಯ್ತು, ಅದಕ್ಕೆ ಅಂತ.’

ಬೈದಿದ್ದಲ್ಲ. ಹೇಳಿದ್ದಷ್ಟೇ. ನನಗೆ ಉತ್ತರ ಸಿಗಲಿಲ್ಲ, ವೈಪರ್ ನೋಡ್ತಾ ಗಾಡಿ ಓಡಿಸಿದೆ.

ಇಪ್ಪತ್ತು ನಿಮಿಷ ತಡವಾಗಿ ತಲುಪಿದ್ವಿ. ನರ್ಸ್ ಅಕ್ಕ ಬೆಡ್ ಇಟ್ಕೊಂಡಿದ್ರು. ನಾಲ್ಕು ಗಂಟೆ ಹೊರಗೆ ಕೂತು, ಬರುವಾಗ ಗ್ಯಾರೇಜಿಗೆ ಹೋದೆ. ಇಂಜಿನ್ ಓಡ್ತಿರುವಾಗ 14.1 ವೋಲ್ಟ್, ಮಾರನೇ ಬೆಳಿಗ್ಗೆ ನಿಂತ ಗಾಡಿಯಲ್ಲಿ 12.5. ಬ್ಯಾಟರಿಗೆ ಏನೂ ಆಗಿರಲಿಲ್ಲ. ಗಾಬರಿಯಲ್ಲಿ ಹೊಸದು ಕೊಂಡಿದ್ರೆ ಸಾವಿರಾರು ರೂಪಾಯಿ ಸುಮ್ನೆ ಹೋಗ್ತಿತ್ತು. ಅಣ್ಣ ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿ, ‘ಟೀ ಕುಡಿಸು ಸಾಕು’ ಅಂದ್ರು.

ನಾಳೆ ಬೆಳಿಗ್ಗೆ ನಿಮ್ಮ ಬಾನೆಟ್ ಒಂದ್ಸಲ ಎತ್ತಿ ನೋಡಿ. ಆಮೇಲೆ ಮನೆಯಲ್ಲಿ ಅಪ್ಪ-ಅಮ್ಮನ ಪಾದವನ್ನೂ ಒಂದ್ಸಲ ನೋಡಿ. ಊದಿಕೊಂಡಿದ್ರೆ ‘ಥಂಡಿಗೆ’ ಅಂತ ಬಿಡಬೇಡಿ.