ನಮ್ಮ ವಿಶ್ವನಾಥರು

ದುಬಲಗುಂಡಿಯಿಂದ ಮಹಾರಾಷ್ಟ್ರದ ಗಡಿ ದೂರವಲ್ಲ. ಹೀಗಾಗಿ ನನ್ನ ಬಾಲ್ಯದಲ್ಲಿ ಊರ ಕಟ್ಟೆಯ ಮೇಲೆ ಸುನೀಲ ಗಾವಸ್ಕರರ ಪಕ್ಷವೇ ಪ್ರಬಲವಾಗಿತ್ತು. ಭದ್ರಾವತಿಯ ಗುಂಡಪ್ಪ ವಿಶ್ವನಾಥರ ಕಡೆಗೆ ಇದ್ದವರು ಕಾಕಾ ಮತ್ತು ನಾನು, ಇಬ್ಬರೇ. ಗಾವಸ್ಕರರ ತಂಗಿಯನ್ನೇ ವಿಶ್ವನಾಥರು ಮದುವೆಯಾಗಿದ್ದರು. ಆ ಬೀಗರ ನಡುವೆ ಇಲ್ಲದ ಜಗಳ ನಮಗೇಕೆ ಬೇಕಿತ್ತೋ! ಲೆಕ್ಕ ಹಾಕಿದರೆ ಇಂದಿಗೂ ಸೋಲು ನಮ್ಮದೇ. ನಿವೃತ್ತಿಯ ವೇಳೆಗೆ ಗಾವಸ್ಕರರು 125 ಟೆಸ್ಟ್ ಪಂದ್ಯಗಳಲ್ಲಿ 10,122 ರನ್ನುಗಳನ್ನು ಗಳಿಸಿದ್ದರು. ವಿಶ್ವನಾಥರು 91 ಪಂದ್ಯಗಳಲ್ಲಿ 6,080.

1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ವಿಶ್ವನಾಥರೇ ನಮ್ಮ ನಾಯಕರು. ಎದುರಾಳಿಗಳ ಐದು ವಿಕೆಟ್ಟುಗಳು ಉರುಳಿದ್ದವು. ಅಷ್ಟರಲ್ಲಿ ಬಾಬ್ ಟೇಲರ್ ಔಟಾದರೆಂದು ಅಂಪೈರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥರು ಅವರನ್ನು ಹಿಂದಕ್ಕೆ ಕರೆಸಿದರು. ಟೇಲರ್ ಮತ್ತು ಬಾಥಮ್ ಜೊತೆಗೂಡಿ 171 ರನ್ನು ಕಲೆಹಾಕಿದರು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು.

ನಾನು ರೇಡಿಯೋ ಆರಿಸಿ, “ಇವರ ಪಕ್ಷ ನನಗೆ ಬೇಡ ಕಾಕಾ” ಎಂದು ಅತ್ತೆನು. ಕಾಕಾ ಏನೂ ಹೇಳದೆ ಕಟ್ಟೆಯ ಕಡೆಗೆ ನಡೆದರು. ಗೇಲಿಗೆ ಅಂಜುತ್ತಲೇ ನಾನೂ ಹಿಂಬಾಲಿಸಿದೆನು. ಅಲ್ಲಿ ಗಾವಸ್ಕರರ ಪಕ್ಷದ ಹಿರಿಯರು ವಿಶ್ವನಾಥರ ಹೆಸರನ್ನೇ ಮತ್ತೆ ಮತ್ತೆ ಕೊಂಡಾಡುತ್ತಿದ್ದರು. ಕಾಕಾನನ್ನು ಕಂಡೊಡನೆ ಸರಿದು ಸ್ಥಳ ಮಾಡಿಕೊಟ್ಟರು. ನಾನು ಮೆಲ್ಲನೆ ಅವರ ಪಕ್ಕದಲ್ಲಿ ಹೋಗಿ ಕುಳಿತೆನು.